ಗೋದಾವರಿಯ ದಕ್ಷಿಣ ತೀರದಲ್ಲಿ ನಮ್ಮ ಮನೆ ಇಲ್ಲ

ಬಾಗಿಲಿಗೆ ಕ್ಯಾಮೆರಾ ಬೇಡವೇ ಬೇಡ ಎಂದು ನಾನು ಜಗಳವಾಡಿದ್ದೆ. ಪಾರ್ಸೆಲ್ ಇಟ್ಟುಹೋಗುವವನು, ಹೂಗಿಡ ತಿನ್ನಲು ಬರುವ ಜಿಂಕೆ, ಗಾಳಿಗೆ ಹಾರಿಬಂದ ಒಣಗಿದೆಲೆ, ಎಲ್ಲದಕ್ಕೂ ಫೋನು "ನಿಮ್ಮ ಬಾಗಿಲಲ್ಲಿ ಯಾರೋ ಇದ್ದಾರೆ" ಎಂದು ಬಡಬಡಿಸುವುದು ನನಗೆ ಆಗಿಬರುವುದಿಲ್ಲ. ನನ್ನ ಗಂಡ ಮೈಸೂರಿನವರು, ಮಾತು ಮೆತ್ತಗೆ, ಹಟ ಮಾತ್ರ ಕಬ್ಬಿಣ. "ನಿಮ್ಮಮ್ಮನಿಗೋಸ್ಕರ ಹಾಕಿಸ್ತಾ ಇರೋದು ಕಣೇ, ನಿನಗೋಸ್ಕರ ಅಲ್ಲ" ಎಂದು ಹಾಕಿಸಿಯೇಬಿಟ್ಟರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಹೋದ ಮೇಲೆ, ನಾನೊಬ್ಬಳೇ ಮಗಳಾದ್ದರಿಂದ, ಅಮ್ಮನನ್ನು ಧಾರವಾಡದಿಂದ ನ್ಯೂ ಜರ್ಸಿಯ ಬಾಸ್ಕಿಂಗ್ ರಿಡ್ಜಿಗೆ ಕರೆತಂದಿದ್ದೆ, ಆಗ ನನ್ನ ಮಗಳಿನ್ನೂ ಶಾಲೆಯಲ್ಲಿದ್ದಳು. ನಮ್ಮ ಡೆವಲಪ್‌ಮೆಂಟಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಬೂದು ಗೋಡೆ, ಅದೇ ಬಿಳಿ ಗ್ಯಾರೇಜು. ಬಾಗಿಲಿಗೆ ಬೇರೆ ಬಣ್ಣ ಹಚ್ಚಿದರೆ ಅಸೋಸಿಯೇಷನ್ನಿನವರು ನೋಟಿಸ್ ಕಳಿಸುತ್ತಾರೆ. ಅಮ್ಮ ಸಂಜೆ ವಾಕಿಂಗ್ ಹೋದವಳು ಯಾರದೋ ಮನೆಯ ಮೆಟ್ಟಿಲು ಹತ್ತಿ, ಬೆಲ್ ಒತ್ತಿ, ಬಾಗಿಲು ತೆರೆದವರನ್ನು "ಇದ ಮನಿ ಹೌದಲ್ರಿ?" ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. ಅವರು ಪಾಪ ಮೊದಲು ಗಾಬರಿಯಾಗುವರು, ಆಮೇಲೆ ನಕ್ಕು, ಕೈಹಿಡಿದು ಕರೆತಂದು ಬಿಡುವರು. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಮೆರಿಕನ್ ಅಜ್ಜಿಯ ಬಾಗಿಲಿಗಂತೂ ಅಮ್ಮ ಎಷ್ಟು ಸಲ ಹೋದಳೆಂದರೆ ಇಬ್ಬರೂ ಗೆಳತಿಯರೇ ಆಗಿಬಿಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಗಂಟೆಗಟ್ಟಲೆ ಹರಟೆ.

ನಾನು ಇಲ್ಲಿನ ಕೌಂಟಿ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಮಾಡುತ್ತೇನೆ. ಯಾರಿಗೂ ಬೇಡವಾದ ಪೇಪರು ನನ್ನ ತಲೆಗೆ ಕಟ್ಟಿದ್ದಾರೆ: ಈ ದೇಶ ಹುಟ್ಟುವಾಗಿನ ಸಾಹಿತ್ಯ. ಎಲ್ಲವನ್ನೂ ಬುದ್ಧಿಯ ಬೆಳಕಿಗೆ ಹಿಡಿದು ನೋಡುತ್ತೇವೆ ಎಂದು ಎದೆತಟ್ಟಿ ಹೊರಟ ಜ್ಞಾನೋದಯದ ಕಾಲ ಅದು. ಆಗ ಯುರೋಪಿನ ಕೆಲವು ಪಂಡಿತರು, ಹಡಗು ಹತ್ತದೆ ಕೂತಲ್ಲೇ ಕೂತು, ಅಮೆರಿಕದ ನೆಲ ಒಂದು ಶಾಪ ಎಂದು ಬರೆದರು. ಇಲ್ಲಿನ ತೇವದ ಗಾಳಿಯಲ್ಲಿ ಪ್ರಾಣಿಗಳು ಕುಗ್ಗುತ್ತವೆ, ನಾಯಿ ಬೊಗಳುವುದನ್ನು ಮರೆಯುತ್ತದೆ, ಹಕ್ಕಿಗೆ ಹಾಡು ಬಾರದು, ಯುರೋಪಿನಿಂದ ಬಂದ ಮನುಷ್ಯರೂ ಸೊರಗುತ್ತಾರೆ ಎಂದು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಹುಣಸೆಹಣ್ಣು ಕಿವುಚುತ್ತಾ ಕೂತಿದ್ದಳು.

"ಖರೇನ ಅದ ತಗೀ," ಎಂದಳು. "ಈ ಹುಣಸಿಗೆ ಹುಳೀನ ಇಲ್ಲ. ಮೆಣಸಿನಕಾಯಿ ಖಾರ ಇಲ್ಲ. ಇಲ್ಲಿಗೆ ಬಂದದ್ದೆಲ್ಲಾ ಸಪ್ಪಗಾಗ್ತದ. ನೀನೂ ಆಗೀದಿ."

"ನಾ ಏನ್ ಸಪ್ಪಗಾಗೀನಿ?"

"ಮದಲ ಜಗಳಾಡಿದ್ರ ಓಣಿಗೆಲ್ಲಾ ಕೇಳ್ತಿತ್ತು. ಈಗ ಬಾಗಲಾ ಹಾಕ್ಕೊಂಡು ಜಗಳಾಡ್ತೀ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಂದು ಫೆಬ್ರವರಿಯ ಮಧ್ಯಾಹ್ನ, ಮಹಡಿಯ ತನ್ನ ಕೋಣೆಯಲ್ಲಿ, ಊಟದ ನಂತರ ಅಡ್ಡಾದವಳು ಅಮ್ಮ ಏಳಲೇ ಇಲ್ಲ. ಅಸ್ಥಿಯನ್ನು ಇಲ್ಲೇ, ಜರ್ಸಿಯ ಸಮುದ್ರಕ್ಕೆ ಬಿಟ್ಟೆವು.

ವರ್ಷದ ಶ್ರಾದ್ಧ ಬಂತು. ಮಗಳು ಕೂರುವ ಹಾಗಿಲ್ಲ, ಅಳಿಯ ಕೂರಬಹುದು ಎಂದು ಧಾರವಾಡದ ನಮ್ಮ ಮನೆತನದ ಆಚಾರ್ಯರು ಹೇಳಿದರು. ಇಲ್ಲಿನ ಪುರೋಹಿತರನ್ನು ಕರೆಯಬಹುದಿತ್ತು, ಆದರೆ ಅಪ್ಪನ ಕರ್ಮ ಮಾಡಿಸಿದವರೇ ಅಮ್ಮನದನ್ನೂ ಮಾಡಿಸಲಿ ಎಂಬುದು ನನ್ನ ಆಸೆ. ಹೀಗಾಗಿ ಡೈನಿಂಗ್ ರೂಮಿನ ನೆಲದ ಮೇಲೆ ನನ್ನ ಗಂಡ ದರ್ಭೆಯ ಉಂಗುರ ತೊಟ್ಟು ಕೂತರು. ಎದುರಿಗೆ ಮಣೆಯ ಮೇಲೆ ಐಪ್ಯಾಡ್. ಅದರೊಳಗೆ ಆಚಾರ್ಯರು. ಅವರಿಗೆ ಅದು ಸಂಜೆ, ನಮಗೆ ಬೆಳಗು. ಅವರು ಹೇಳಿಸಿದ ಹಾಗೆ ಇವರು ಹೇಳಿದರು. ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ. ಚಿಕ್ಕಂದಿನಿಂದ ಕೇಳಿದ ಮಾತು, ಒಳಗೆ ಒಲೆಯ ಮುಂದೆ ವಡೆ ಕರಿಯುತ್ತಿದ್ದ ನನಗೆ ಏನೂ ಅನ್ನಿಸಲಿಲ್ಲ. ಪಿಂಡವನ್ನು ಹಿತ್ತಲಿನ ಡೆಕ್ಕಿನ ಮೇಲೆ ಇಟ್ಟೆವು. ಕಾಗೆಗೆ ಇಟ್ಟದ್ದನ್ನು ಅಳಿಲು ಕದ್ದುಕೊಂಡು ಹೋಯಿತು. ಇವರು ನಕ್ಕರು, ನಾನು ಅಳಿಲಿಗೆ ಬಾಯಿಗೆ ಬಂದಂತೆ ಬೈದೆ.

ಊಟಕ್ಕೆ ಕೂತಾಗ ಫೋನು ಕಿರುಗುಟ್ಟಿತು. ನಿಮ್ಮ ಬಾಗಿಲಲ್ಲಿ ಯಾರೋ ಇದ್ದಾರೆ.

ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಬೆಳಗಿನಿಂದ ಬಿದ್ದ ಹಿಮ ಮೆಟ್ಟಿಲ ಮೇಲೆ ಹಾಗೇ ಹಾಸಿಕೊಂಡಿತ್ತು, ಅದರ ಮೇಲೆ ಒಂದು ಹೆಜ್ಜೆಯ ಗುರುತಿಲ್ಲ. ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಸುಮ್ಮನೆ ಧ್ವನಿ ಜೋರು ಮಾಡಿದೆ. ಮೊದಲು ಗಾಳಿಯ ಸದ್ದು. ಆಮೇಲೆ, ಮೈಕಿಗೆ ತೀರಾ ಹತ್ತಿರದಲ್ಲಿ, ಏದುಸಿರು. ಆಮೇಲೆ ಅಮ್ಮನ ಧ್ವನಿ.

"ಇದ ಮನಿ ಹೌದಲ್ರಿ?"

ಫೋನನ್ನು ಇವರ ಮುಂದೆ ಹಿಡಿದೆ. ಇವರು ಕೇಳಿದರು, ಇನ್ನೊಮ್ಮೆ ಕೇಳಿದರು, ಅನ್ನ ಕಲೆಸುತ್ತಿದ್ದ ಬೆರಳು ನಿಂತಿತು. "ಗಾಳಿ ಕಣೇ" ಎಂದರು. ನಾನು ಓಡಿಹೋಗಿ ಬಾಗಿಲು ತೆರೆದೆ. ಹೊರಗೆ ಚಳಿ, ಹಿಮ, ಎದುರಿಗೆ ಒಂದೇ ಅಚ್ಚಿನ ಮನೆಗಳ ಸಾಲು. "ಅಮ್ಮಾ" ಎಂದು ಕೂಗಿದೆ, ಎದುರು ಮನೆಯವರು ಏನೆಂದುಕೊಂಡಾರು ಎಂಬ ಪರಿವೆಯೂ ಇಲ್ಲದೆ. ಮರುದಿನ ನೋಡಿದರೆ ಆ ರೆಕಾರ್ಡಿಂಗ್ ಇರಲಿಲ್ಲ. ಇವರು ಅಳಿಸಿಹಾಕಿದ್ದರು. ಕೇಳಿದ್ದಕ್ಕೆ, "ನೀನು ಅದನ್ನೇ ಹಚ್ಕೊಂಡು ಕೂತ್ಕೋತೀಯ" ಎಂದರು. ವಾರಗಟ್ಟಲೆ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎರಡನೆಯ ವರ್ಷವೂ ಐಪ್ಯಾಡ್, ಅದೇ ಆಚಾರ್ಯರು, ಅದೇ ಮಂತ್ರ. ಆ ದಿನ ಮಧ್ಯಾಹ್ನವೆಲ್ಲ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಅದು ಕಿರುಗುಟ್ಟಲಿಲ್ಲ. ಸಮಾಧಾನವಾಯಿತೋ ಸಂಕಟವಾಯಿತೋ ಹೇಳಲಾರೆ, ಎರಡೂ ಆಯಿತು. ಸಂಜೆ ಕಸದ ಡಬ್ಬಿ ಹೊರಗಿಡಲು ಹೋದಾಗ ಪಕ್ಕದ ಮನೆಯ ಅಜ್ಜಿ ತನ್ನ ಡ್ರೈವ್‌ವೇಯಿಂದ ಕೈಬೀಸಿದಳು.

"ನಿಮ್ಮ ತಾಯಿ ಇವತ್ತು ಮತ್ತೆ ನನ್ನ ಬಾಗಿಲಿಗೆ ಬಂದಿದ್ದರು," ಎಂದಳು ನಗುತ್ತಾ. "ಮೈಮೇಲೆ ಕೋಟು ಕೂಡ ಇಲ್ಲ, ಪಾಪ. ಪಕ್ಕದ ಮನೆ ಎಂದು ಕೈ ತೋರಿಸಿದೆ. ಆದರೆ ಅವರು ಆ ಕಡೆ, ರಸ್ತೆಯ ತುದಿಗೆ ನಡೆದುಹೋದರು."

ಹೇಳುತ್ತಾ ಹೇಳುತ್ತಾ ಅವಳ ನಗು ನಿಂತಿತು. ಅಮ್ಮನ ಸಾವಿಗೆ ಹೂವು ತಂದವಳು ಅವಳೇ. ಅದು ಅವಳಿಗೆ ಆಗ ನೆನಪಾಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಡಬ್ಬಿ ಹಿಡಿದುಕೊಂಡೇ ನಿಂತೆ.

ನನಗೆ ಹೆದರಿಕೆಯಾಗಿದ್ದು ದೆವ್ವಕ್ಕಲ್ಲ. ನನ್ನ ಅಮ್ಮ ನನಗೆ ದೆವ್ವ ಹೇಗಾದಾಳು? ಮೊದಲ ವರ್ಷ ನಮ್ಮ ಬಾಗಿಲವರೆಗೆ ಬಂದವಳು ಎರಡನೆಯ ವರ್ಷ ಪಕ್ಕದ ಬಾಗಿಲಿಗೆ ಹೋದಳು, ಅಲ್ಲಿಂದ ರಸ್ತೆಯ ತುದಿಗೆ ಹೋದಳು. ಮೂರನೆಯ ವರ್ಷ ಎಲ್ಲಿಗೆ ಹೋಗುತ್ತಾಳೆ? ಹಸಿದುಕೊಂಡು, ಕೋಟಿಲ್ಲದೆ, ಕನ್ನಡ ಬಾರದವರ ಬಾಗಿಲು ಬಡಿಯುತ್ತಾ? ಅಡುಗೆ ಮಾಡುವಾಗ, ಕಾರು ಓಡಿಸುವಾಗ, ನನಗೆ ಇದೊಂದೇ ಯೋಚನೆ. ಅವಳನ್ನು ಕಳೆದುಕೊಂಡುಬಿಡುತ್ತೇನೆ ಅನ್ನಿಸುತ್ತಿತ್ತು, ಅದೂ ಸತ್ತ ಮೇಲೆ.

ಇದನ್ನು ಯಾರಿಗೆ ಹೇಳುವುದು? ಬುದ್ಧಿಯ ಬೆಳಕಿನ ಬಗ್ಗೆ ಪಾಠ ಮಾಡಿ ಹೊಟ್ಟೆ ಹೊರೆಯುವವಳು ನಾನು.

ಚಳಿಗಾಲದ ಸೆಮಿಸ್ಟರಿನಲ್ಲಿ ಒಂದು ದಿನ ತರಗತಿಯಲ್ಲಿ ಮಾತು ಆ ಕಡೆಗೇ ಹೊರಳಿತು. ದೆವ್ವ ಪಿಶಾಚಿ ಎಲ್ಲ ಹಳೆಯ ಪ್ರಪಂಚದ ಕಸ ಎಂದು ಗುಡಿಸಿಹಾಕಿದ ಆ ಕಾಲದವರ ಕಥೆಗಳಲ್ಲೇ ದೇಹವಿಲ್ಲದ ಧ್ವನಿಗಳು ಯಾಕೆ ಅಷ್ಟೊಂದು ಓಡಾಡುತ್ತವೆ ಎಂದು ಕೇಳಿದ್ದೆ. ಕೊನೆಗೆ ಹಿಂದಿನ ಸಾಲಿನಲ್ಲಿ ಸದಾ ಹುಡ್ ಹಾಕಿಕೊಂಡು ಕೂರುವ ಒಬ್ಬ ಹುಡುಗಿ ಕೈಯೆತ್ತಿದಳು.

"ಪ್ರೊಫೆಸರ್, ಒಂದು ಜಾಗಕ್ಕೆ ದೆವ್ವವಾಗಿ ಬರಬೇಕಾದರೆ ಆ ಜಾಗದವರಾಗಿರಬೇಕಲ್ಲವಾ? ಬಾಡಿಗೆ ಕಾರಿಗೆ ಯಾರೂ ದೆವ್ವವಾಗಿ ಬರೋದಿಲ್ಲ. ಇವರಿಗೆ ತಾವು ಎಲ್ಲಿಯವರು ಅನ್ನೋದೇ ಇನ್ನೂ ಗೊತ್ತಿರಲಿಲ್ಲ. ಅದಕ್ಕೇ ಧ್ವನಿ ಇದೆ, ಮನೆ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಭೇಷ್ ಎಂದು ಹೇಳಿ ಆ ಎಳೆಯನ್ನೇ ಹಿಡಿದು ಮುಂದುವರಿದೆ. ನೋಡಿ, ಇಂಗ್ಲೆಂಡಿನ ರಾಜನ ಪ್ರಜೆಗಳಾಗಿ ಮಲಗಿದವರು ಬೇರೆ ದೇಶದವರಾಗಿ ಎದ್ದರು. ಎದ್ದು ಬರೆಯಲು ಕೂತಾಗ ಮೊದಲು ಏನು ಬರೆದರು? ಸುಮ್ಮನೆ ವೀರಾವೇಶವನ್ನಲ್ಲ. ತಮ್ಮ ನದಿಗಳನ್ನು ಬರೆದರು. ಯಾವ ನದಿ ಎಲ್ಲಿ ಹುಟ್ಟುತ್ತದೆ, ಎಷ್ಟು ಆಳ, ಯಾವ ಗುಡ್ಡ, ಯಾವ ಮರ, ಯಾವ ಪ್ರಾಣಿಗೆ ಎಷ್ಟು ತೂಕ. ಪುಟಗಟ್ಟಲೆ. ನಿಮಗೆ ಓದಲು ಬೇಜಾರು, ನನಗೂ ಬೇಜಾರೇ. ಆದರೆ ಅವರಿಗೆ ಅದು ಪ್ರಾಣದ ಪ್ರಶ್ನೆಯಾಗಿತ್ತು. ಎಲ್ಲಿ ನಿಂತಿದ್ದೇನೆ ಎಂದು ಹೇಳದವನು ನಾನು ಯಾರು ಎಂದು ಹೇಗೆ ಹೇಳುತ್ತಾನೆ? ಲಂಡನ್ನಿನ ನದಿಯ ಹೆಸರು ಹೇಳಿಕೊಂಡು ಇಲ್ಲಿ ಬದುಕಿದರೆ ಅದು ಸುಳ್ಳು ವಿಳಾಸ ಕೊಟ್ಟ ಹಾಗೆ, ಯಾರೂ ಅವನನ್ನು ಹುಡುಕಿಕೊಂಡು ಬರಲಾರರು...

ಮಾತು ಅಲ್ಲೇ ನಿಂತಿತು. ಗೋದಾವರಿಯ ದಕ್ಷಿಣ ತೀರ.

ನನ್ನ ಗಂಡ ನ್ಯೂ ಜರ್ಸಿಯ ನೆಲದ ಮೇಲೆ ಕೂತುಕೊಂಡು, ಎರಡು ವರ್ಷ, ಗೋದಾವರಿಯ ದಕ್ಷಿಣ ತೀರದಲ್ಲಿದ್ದೇನೆ ಬಾ ಎಂದು ನನ್ನ ಅಮ್ಮನನ್ನು ಕರೆದಿದ್ದಾರೆ. ಸಂಕಲ್ಪವೆಂದರೆ ಮತ್ತೇನು? ಯಾವ ದ್ವೀಪ, ಯಾವ ದೇಶ, ಯಾವ ನದಿಯ ಯಾವ ದಡದಲ್ಲಿ ಕೂತು ಕರೆಯುತ್ತಿದ್ದೇನೆ ಎಂದು ಮೊದಲು ಹೇಳಿಕೊಳ್ಳುವುದು. ಅಮ್ಮ ಇದ್ದದ್ದು ಇಲ್ಲಿ, ಸತ್ತದ್ದು ಇಲ್ಲಿ, ನಾವು ಕೊಟ್ಟ ವಿಳಾಸ ಅಲ್ಲಿಯದು. ಅವಳು ಅಲ್ಲಿ ಹೋಗಿ ಹುಡುಕಿ, ಇಲ್ಲಿ ಬಂದು ಹುಡುಕಿ, ಬಾಗಿಲು ಬಾಗಿಲಿಗೆ ಅಲೆಯದೆ ಇನ್ನೇನು ಮಾಡುತ್ತಾಳೆ? ಥೂ ನಮ್ಮ ಬುದ್ಧಿಗಿಷ್ಟು. ತಲೆನೋವು ಎಂದು ಹೇಳಿ ತರಗತಿ ಬಿಟ್ಟುಬಿಟ್ಟೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅತ್ತೆ.

ಅಲ್ಲಿಂದಲೇ ಆಚಾರ್ಯರಿಗೆ ಫೋನು ಮಾಡಿದೆ. ಅವರು ಮೊದಲು ನಕ್ಕರು. "ಅಯ್ಯ, ಅದಕ್ಕೇನ್ ತಂಗಿ, ಬಾಯಿಗೆ ಬಂದದ್ದನ್ನ ಹೇಳಿಸಿಬಿಟ್ಟೆ. ಅಲ್ಲಿ ಇರೋ ಪುರೋಹಿತರು ಕ್ರೌಂಚದ್ವೀಪ, ರಮಣಕವರ್ಷ ಅಂತ ಹೇಳ್ತಾರಂತ. ಹಂಗ ಹೇಳಿಸೋಣ. ನದಿ ಯಾವುದು ನಿಮ್ಮದು?"

"ನದಿ?"

"ನಿಮ್ಮ ಮನಿ ಹತ್ತರ ಹರಿಯೋ ನದಿ. ಯಾವುದರ ದಂಡಿ ಮ್ಯಾಲೆ ಇದ್ದೀರಿ ನೀವು?"

ನಮ್ಮ ಮನೆಯ ಹಿಂದೆ ಮರಗಳಾಚೆ ಜೌಗು ಇದೆ, ಅದರಲ್ಲಿ ಸಣ್ಣದೊಂದು ನೀರು ಹರಿಯುತ್ತದೆ, ಮಳೆ ಜೋರಾದರೆ ರಸ್ತೆ ಮುಚ್ಚುತ್ತಾರೆ. ಪ್ರತಿದಿನ ಅದರ ಸೇತುವೆ ದಾಟಿಯೇ ಕೆಲಸಕ್ಕೆ ಹೋಗುತ್ತೇನೆ. ಅದಕ್ಕೆ ಹೆಸರಿದೆಯೇ ಎಂದು ಒಮ್ಮೆಯೂ ಕೇಳಿಕೊಂಡವಳಲ್ಲ. ಈ ದೇಶದ ಪಾಸ್‌ಪೋರ್ಟು ನನ್ನ ಪರ್ಸಿನಲ್ಲಿದೆ. ನದಿ ಕೇಳಿದರೆ ಗೋದಾವರಿ.

ರಾತ್ರಿ ಅಡುಗೆಯ ಹೊತ್ತಿಗೆ ಮಗಳಿಗೆ ಫೋನು ಮಾಡಿ ಆ ನೀರಿಗೆ ಹೆಸರೇನು ಎಂದು ಕೇಳಿದೆ. ಇಲ್ಲೇ ಹುಟ್ಟಿ ಬೆಳೆದವಳು, ಈಗ ಫ್ಲೋರಲ್ ಪಾರ್ಕಿನಲ್ಲಿದ್ದುಕೊಂಡು ದಿನಾ ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಓಡಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ಮನೆಯ ರಿವಾಜು.

"ಇಟ್ಸ್ ದ ಪಸೇಯಿಕ್, ಅಮ್ಮಾ. ಸೀರಿಯಸ್ಲಿ?" ಎಂದಳು. "ಶಾಲೆಯಲ್ಲಿ ಅದರ ಮೇಲೆ ಪ್ರಾಜೆಕ್ಟ್ ಮಾಡಿದ್ದೆ, ಅಜ್ಜಿ ಕೂತ್ಕೊಂಡು ನೀಲಿ ಬಣ್ಣ ಹಚ್ಚಿದ್ದರು. ಅಜ್ಜಿಗೂ ಗೊತ್ತಿತ್ತು." ಇಷ್ಟನ್ನು ಅವಳು ಹೇಳಿದ್ದು ಇಂಗ್ಲಿಷಿನಲ್ಲೇ, ಅಜ್ಜಿ ಎನ್ನುವ ಶಬ್ದವೊಂದನ್ನು ಬಿಟ್ಟು.

ಮೂರನೆಯ ವರ್ಷದ ಹೊತ್ತಿಗೆ ನನ್ನ ಗಂಡನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ನೆಲದ ಮೇಲೆ ಕೂರುವಂತಿರಲಿಲ್ಲ. "ನಾನು ಕೂರ್ತೀನಿ" ಎಂದು ಮಗಳು ಬಂದಳು. ಹೆಣ್ಣುಮಗಳು ಹೇಗೆ ಎಂದು ಆಚಾರ್ಯರು ರಾಗವೆಳೆದರು. ನಾನು ಬಾಗಿಲು ಹಾಕಿಕೊಳ್ಳದೆ, ಓಣಿಗೆಲ್ಲ ಕೇಳುವ ಹಾಗೆ ಜಗಳವಾಡಿದೆ. "ಆತು, ಆತು, ಕೂಡಲಿ ತಗೋರಿ" ಎಂದರು.

ಮಗಳು ಕೂದಲು ಕಟ್ಟಿಕೊಂಡು, ಅಜ್ಜಿಯದೇ ಒಂದು ಹಳೆಯ ಸೀರೆ ಸುತ್ತಿಕೊಂಡು ಕೂತಳು. ಕ್ರೌಂಚದ್ವೀಪೇ, ರಮಣಕವರ್ಷೇ. ಅವಳ ನಾಲಿಗೆ ಸಂಸ್ಕೃತಕ್ಕೆ ಹೊರಳದು, ತಡವರಿಸುತ್ತಿದ್ದಳು. ಪಸೇಯಿಕ್ ಎಂಬ ಹೆಸರು ಬಂದಾಗ ಮಾತ್ರ ಲೀಲಾಜಾಲವಾಗಿ ಹೇಳಿದಳು, ತನ್ನ ಶಾಲೆಯ ಹೆಸರು ಹೇಳಿದ ಹಾಗೆ. ಅಜ್ಜಿಯ ಹೆಸರು ಹೇಳಿ ಕರೆದಳು.

ನಾನು ಅಡುಗೆಮನೆಯಲ್ಲಿ ಫೋನು ನೋಡುತ್ತಾ ನಿಂತಿದ್ದೆ. ಅದು ಕಿರುಗುಟ್ಟಲಿಲ್ಲ. ಹೀಟರಿನ ಸದ್ದೂ ನಿಂತುಹೋಗಿತ್ತು. ಇಡೀ ಮನೆ ಕಿವಿ ಕೊಟ್ಟು ಕೂತ ಹಾಗಿತ್ತು. ಆಗ ಮಹಡಿಯ ಮೆಟ್ಟಿಲು ಕಿರ್ ಎಂದಿತು. ಸ್ವಲ್ಪ ತಡೆದು, ಇನ್ನೊಂದು. ಮಂಡಿನೋವಿನ ಅಮ್ಮ ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ತೆಗೆದುಕೊಂಡು ಹತ್ತುತ್ತಿದ್ದ ಲಯ ಅದು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ನನ್ನ ಗಂಡ ತಲೆ ಎತ್ತಿ ಮೆಟ್ಟಿಲನ್ನು ನೋಡಿದರು. ಅವರ ಕಣ್ಣು ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಹೋಯಿತು. ಈ ಸಲ ಅವರು ಗಾಳಿ ಎನ್ನಲಿಲ್ಲ. ಮೇಲೆ ಅಮ್ಮನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಐಪ್ಯಾಡಿನೊಳಗೆ ಆಚಾರ್ಯರಿಗೆ ಇದ್ಯಾವುದೂ ತಿಳಿಯಲಿಲ್ಲ. ಕಡೆಗೆ, "ಈಗ ಬಂದವರನ್ನ ಸ್ವಸ್ಥಾನಕ್ಕೆ ಕಳಸಬೇಕು ನೋಡಮ್ಮಾ. ನೀರು ತಗೊಂಡು ನಾ ಹೇಳಿದಂಗ ಹೇಳು" ಎಂದರು.

ಮಗಳು ನನ್ನತ್ತ ತಿರುಗಿದಳು. ಅವಳಿಗೂ ಕೇಳಿಸಿತ್ತು. "ಅಮ್ಮಾ, ವೇರ್ ಡು ಐ ಸೆಂಡ್ ಹರ್? ಐ ಜಸ್ಟ್ ಸೆಡ್ ಶೀ ಲಿವ್ಸ್ ಹಿಯರ್."

"ಬ್ಯಾಡ್ರಿ ಆಚಾರ್ಯರ. ಕಳಸೂದು ಬ್ಯಾಡ," ಎಂದೆ ನಾನು.

"ಹಂಗ ಮಾಡಬಾರದು ತಂಗಿ. ಕರೆದವರು ಕಳಸಬೇಕು. ಉಳಿಸ್ಕೊಂಡ್ರ ಆಮ್ಯಾಲೆ ನಿಮ್ಮ ಕೈಯಾಗ ಇರೂದಿಲ್ಲ..."

ಐಪ್ಯಾಡಿನ ಮುಚ್ಚಳ ಹಾಕಿಬಿಟ್ಟೆ. ತಪ್ಪು ಮಾಡಿದೆನೋ ಏನೋ, ಇವತ್ತಿಗೂ ಗೊತ್ತಿಲ್ಲ. ಆದರೆ ಎರಡು ವರ್ಷ ಬೀದಿ ಅಲೆದು ಈಗಷ್ಟೇ ಮನೆ ಸಿಕ್ಕವಳನ್ನು ಎಲ್ಲಿಗೆ ಹೋಗು ಎನ್ನಲಿ?

ಆಮೇಲೆ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಸಾರು ಕುದಿಯುವಾಗ ಯಾರೋ ಬೆನ್ನ ಹಿಂದೆ ನಿಂತಂತೆ ಅನ್ನಿಸುವುದು, ತಿರುಗಿದರೆ ಯಾರೂ ಇಲ್ಲದಿರುವುದು, ಇಷ್ಟೇ. ನನಗೆ ಅಭ್ಯಾಸವಾಯಿತು. ಇವರಿಗೆ ಆಗಲಿಲ್ಲ. ಮಹಡಿಯಲ್ಲಿ ಮಲಗುವುದನ್ನು ಬಿಟ್ಟರು, ಮೊಣಕಾಲಿನ ನೆಪ. ಈ ವಸಂತದಲ್ಲಿ ಮನೆ ಮಾರಿಬಿಡೋಣ ಎಂದು ಶುರು ಮಾಡಿದರು. ಪ್ರಾಪರ್ಟಿ ಟ್ಯಾಕ್ಸ್ ವಿಪರೀತ, ರಿಟೈರ್ ಆದ ಮೇಲೆ ಇಷ್ಟು ದೊಡ್ಡ ಮನೆ ಯಾಕೆ, ಕ್ಯಾರೊಲೈನಾದಲ್ಲಿ ಚಳಿಯೂ ಕಡಿಮೆ. ನನ್ನನ್ನು ಕೇಳದೆಯೇ ಮನೆ ಮಾರಾಟದ ಏಜೆಂಟ್ ಒಬ್ಬಳನ್ನು ಕರೆಸಿದರು. ನಾನು ಕುದಿಯುತ್ತಿದ್ದೆ, ಆದರೂ ಬಂದವಳ ಮುಂದೆ ಜಗಳ ಬೇಡ ಎಂದು ಮನೆ ತೋರಿಸಿದೆ.

ಎಳೆ ವಯಸ್ಸಿನ, ಚುರುಕಾದ ಹೆಂಗಸು. ನಮ್ಮನ್ನು ಮೊದಲ ಸಲ ನೋಡುತ್ತಿದ್ದಳು. ಕೆಳಗೆಲ್ಲ ನೋಡಿ, ಮಹಡಿಯ ಮೆಟ್ಟಿಲು ಹತ್ತತೊಡಗಿದಳು, ನಾನು ಹಿಂದೆ. ಅರ್ಧಕ್ಕೆ ಹೋದವಳು ತಟ್ಟನೆ ನಿಂತು, ಬದಿಗೆ ಸರಿದು, ಗೋಡೆಗೆ ಬೆನ್ನು ಒತ್ತಿಕೊಂಡು ದಾರಿ ಬಿಟ್ಟಳು. "ಗೋ ಅಹೆಡ್, ಮ್ಯಾಮ್. ಟೇಕ್ ಯುವರ್ ಟೈಮ್" ಎಂದು ಖಾಲಿ ಮೆಟ್ಟಿಲನ್ನು ನೋಡಿ ನಕ್ಕಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, ಧ್ವನಿ ತಗ್ಗಿಸಿ ಕೇಳಿದಳು, "ನಿಮ್ಮ ತಾಯಿಯೂ ನಿಮ್ಮ ಜೊತೆಗೇ ಮೂವ್ ಮಾಡ್ತಾರಾ?"

"ನೋ," ಎಂದೆ. "ಶೀ ಈಸ್ ಫ್ರಮ್ ಹಿಯರ್."

ಕೆಳಗೆ ನಿಂತಿದ್ದ ನನ್ನ ಗಂಡ ನನ್ನ ಮುಖ ನೋಡಿದರು. ಮನೆ ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.